ಅಂಚಿನ ಮೇಲೆ ಒಂದು ಲೋಟ

ಪುಕ್ಕಟೆ ಆವೃತ್ತಿ, ಕಾಲೇಜಿಗೆಂದೇ ಕೊಟ್ಟದ್ದು.
ಎಷ್ಟು ನೀರು ಹಿಡಿದೀತೆಂದು ಎಲ್ಲೂ ಬರೆದಿರಲಿಲ್ಲ,
ಅಥವಾ ಬರೆದಿತ್ತು,
ನಾವು ಓದದೆ ಒಪ್ಪಿಗೆಯ ಗುಂಡಿ ಒತ್ತಿದ್ದೆವು.
ಕೋಲು ಇಳಿಸಿ ಬಾವಿಯ ಆಳ ನೋಡುವ ಹಾಗೆ ನೋಡಿದೆವು.
ಐದು ಲಕ್ಷ ಕೋಶ: ಹರಿಯಿತು.
ಐದೂವರೆ: ಒಲ್ಲೆ ಅಂದಿತು.
ಐದೂಕಾಲು: ಊಹೂಂ.
ವೈಜಿನಾಥ ಸಂತೆಯಲ್ಲಿ ಎತ್ತಿನ ಚೌಕಾಸಿಗೆ ಕೂತವನಂತೆ
ಸಾವಿರ ಸಾವಿರ ಏರಿಸಿ, ನೂರು ನೂರು ಇಳಿಸಿ,
ಝರೆಪ್ಪ ಲ್ಯಾಬಿನ ಬೀಗ ಅಲುಗಾಡಿಸುವ ಹೊತ್ತಿಗೆ
ಅಂಚು ಸಿಕ್ಕಿತು.
ಐದು ಲಕ್ಷ ಹನ್ನೆರಡು ಸಾವಿರಕ್ಕೆ ನೀರು.
ಅದರ ಮೇಲೆ ಒಂದೇ ಒಂದು ಇಟ್ಟರೆ
ಕೆಂಪಕ್ಷರ.

ಆ ಒಂದರಲ್ಲಿ ಏನಿದ್ದೀತೆಂದು
ರಾತ್ರಿ ಹಾಲಿನ ಚೀಟಿಯ ಹಿಂದೆ ಲೆಕ್ಕ ಹಾಕಿದೆ.
ನಮ್ಮ ಸುರಂಗದ ಅಳತೆಗೆ ಅದು
ಒಂದು ಲೋಟ ನೀರು.
ಮನೆಗೆ ಅತಿಥಿ ಬಂದರೆ
ಹೆಸರು ಕೇಳುವ ಮೊದಲೇ ಕೊಡುವಷ್ಟು.
ನಾನೂ ಅತಿಥಿಯೇ ಅಲ್ಲಿ. ಅತಿಥಿ ಉಪನ್ಯಾಸಕಿ,
ಮಾರ್ಚಿಗೆ ಮುಗಿಯುವ ಆವೃತ್ತಿ.

ಸುರಂಗ ನೌಬಾದಿನದು.
ಬೀದರಿನ ಕೆಂಪು ಜಂಬಿಟ್ಟಿಗೆಯ ಹೊಟ್ಟೆಯೊಳಗೆ
ಯಾವ ಕಾಲದಲ್ಲೋ ಕೊರೆದು
ನೀರಿಗೆ ಕತ್ತಲಲ್ಲೇ ನಡೆಯಲು ಕಲಿಸಿದ್ದು.
ನಾಲ್ಕನೇ ಬಾಯಿಯಿಂದ ಐದನೇ ಬಾಯಿಗೆ
ಟೇಪು ಹಿಡಿದು ಅರವತ್ತು ಮೀಟರ್ ಅಳೆದಿದ್ದೆವು,
ಪ್ಯಾಂಟು ಮೊಣಕಾಲಿಗೆ ಮಡಚಿ, ತಲೆ ತಗ್ಗಿಸಿ.

ಅದನ್ನೆಲ್ಲ ಐದು ಲಕ್ಷದ ಚೀಲಕ್ಕೆ ತುರುಕಬೇಕಲ್ಲ.
ಬಾವಲಿಗಳನ್ನು ಮೊದಲೇ ಬಿಟ್ಟಿದ್ದೆವು.
ಉಳಿಯ ಗುರುತು ಒರೆಸಿದೆವು, ಗೋಡೆ ಆಸ್ಪತ್ರೆಯದಾಯಿತು.
ಎಡಕ್ಕೆ, ನೆಲದ ಮಟ್ಟದಲ್ಲಿ, ಒಂದು ಗೂಡು.
ಮಣ್ಣಿನ ಬುಟ್ಟಿ ಹೊತ್ತು ಬರುವವನಿಗೆ
ಖಾಲಿ ಬುಟ್ಟಿಯವನು ಸರಿದು ನಿಲ್ಲಲೆಂದೋ ಏನೋ,
ಒಂದಾಳಿನಷ್ಟು.
ಅದೊಂದೇ ಆರು ಸಾವಿರ ಕೋಶ ತಿನ್ನುತ್ತಿತ್ತು.
'ಇದೊಂದು ಇರ್ಲಿ ಬಿಡ್ರಿ ಮ್ಯಾಡಂ' ಅಂದಳು ತಾಹೇರಾ.
'ಅದ್ರಿಂದ ನೀರಿಗೇನು ಫರಕ್ ಬೀಳ್ತದ?'
ನಾನೇ ಅಳಿಸಿದೆ.

ಆಮೇಲೆ ಓಡಿತು, ಚೆಂದ ಓಡಿತು.
ನೀಲಿಯಿಂದ ಹಸಿರಿಗೆ, ಹಸಿರಿಂದ ಹಳದಿಗೆ,
ನೀರಿನ ಎದೆಯ ಮೇಲೆ ಅಡ್ಡಡ್ಡ
'ಕಲಿಕೆಗೆ ಮಾತ್ರ' ಎಂಬ ಮುದ್ರೆ ಹೊತ್ತುಕೊಂಡು.
ಉತ್ತರ: ಒಂಬತ್ತು ನಿಮಿಷ ನಲವತ್ತು ಸೆಕೆಂಡು.

ಭಾನುವಾರ
ಜೋಳದ ದಂಟು ಸುಲಿದು ಬೆಂಡು ತೆಗೆದೆವು.
ಬೆರಳುದ್ದದ ಬಿಳಿ ತುಣುಕು, ತುದಿಗೆ ಕುಂಕುಮ.
ವೈಜಿನಾಥ ನಾಲ್ಕನೇ ಬಾಯಲ್ಲಿ ಬಿಟ್ಟು ಕೂಗಿದ.
ಐದನೇ ಬಾಯಲ್ಲಿ ತಾಹೇರಾ, ಕೈಯಲ್ಲಿ ಮೊಬೈಲ್.
ಹತ್ತು ನಿಮಿಷ.
ಹದಿನೈದು.
ಕಡಲೆಕಾಯಿ ಮುಗಿಯಿತು.
ಮೇಲೆ ಯಾರೋ ಎಮ್ಮೆ ಹೊಡೆದುಕೊಂಡು ಹೋಗುತ್ತ ಬಗ್ಗಿ
'ಏನ್ ಕಳ್ಕೊಂಡೀರಿ?' ಅಂತ ಕೇಳಿದ.
ಏನು ಹೇಳಲಿ.

ಮೂವತ್ತೈದಕ್ಕೆ ಟಾರ್ಚು ಹಿಡಿದು ಒಳಗಿಳಿದೆ.
ಗೂಡಿನಲ್ಲಿತ್ತು.
ಹೋಗಲೂ ಇಲ್ಲ, ನಿಲ್ಲಲೂ ಇಲ್ಲ,
ತನ್ನ ಸುತ್ತ ತಾನೇ ಮೆಲ್ಲಗೆ ತಿರುಗುತ್ತ,
ಎದುರಿಂದ ಬರುವವನ ಬುಟ್ಟಿ
ಇನ್ನೂ ದಾಟಿಲ್ಲವೆಂಬಂತೆ.

ಸೋಮವಾರ ಗೂಡು ಮರಳಿ ಕೊರೆದೆವು.
ಕೂಡಲೇ ಕೆಂಪಕ್ಷರ.
ಹಾಗಾದರೆ ಏನು ಬಿಡೋಣ?
ಮೂವರೂ ತೆರೆಯನ್ನೇ ನೋಡುತ್ತ ಕೂತೆವು.
'ನೀರಿನ ಮ್ಯಾಲಿನ ಗಾಳಿ ತೆಗಿರಿ,' ಅಂದ ವೈಜಿನಾಥ,
'ಪುಕ್ಕಟೆ ಎರಡು ಲಕ್ಷ ತಿನ್ಲತ್ತದ.'
ತೆಗೆದೆವು.
ಬಾಯಿಗಳಿಂದ ಇಳಿಯುತ್ತಿದ್ದ ನಾಲ್ಕು ಚೌಕ ಆಕಾಶವೂ ಹೋಯಿತು,
ನೀರಿನ ಮೇಲೆ ಉಜ್ಜದ, ಕಾಣದ ಒಂದು ಮುಚ್ಚಳ ಉಳಿಯಿತು.
ಲೆಕ್ಕಕ್ಕೆ ಅಷ್ಟು ಸಾಕಂತೆ.

'ಇನ್ನಾ ಎಷ್ಟೊತ್ತ್ರಿ?' ಝರೆಪ್ಪನ ಬೀಗ.
'ಐದು ನಿಮಿಷ ಕಾಕಾ' ಎಂದ ತಾಹೇರಾ ತಲೆ ಎತ್ತಲಿಲ್ಲ.
ಮಿಕ್ಕ ಕೋಶಗಳಲ್ಲಿ
ಆ ಉಳಿಯ ಗುರುತುಗಳನ್ನು
ಒಂದೊಂದಾಗಿ ಗೋಡೆಗೆ ಮರಳಿ ಕೆತ್ತುತ್ತಿದ್ದಳು,
ಅಂಚಿಗೆ ಒಂದು ಲೋಟ
ಬಾಕಿ ಇರುವ ತನಕ.