ಎರಡು ಕಿಲೋ ಮುನ್ನೂರು ಗ್ರಾಂ

ಬಾಡಿಗೆ ಕಳೆದು, ಗ್ಯಾಸಿಗೆ ತೆಗೆದಿಟ್ಟು,
ಚೀಟಿಯ ಕಂತು ಮಡಚಿ ರವಿಕೆಗೆ ಸೇರಿಸಿ
ಪಾತ್ರೆಗೆ ಅಂತ ಉಳಿದದ್ದು ನಾನೂರು.
ಕುಶಾಲನಗರದ ಮಂಗಳವಾರದ ಸಂತೆ,
ಕೆಲಸ ಬಿಟ್ಟು ಬರುವಷ್ಟರಲ್ಲಿ ದೀಪ ಹಚ್ಚಿದ್ದರು.

ಹೊಳೆಯುವುದಂತೂ ಬೇಕಾದಷ್ಟಿತ್ತು.
ಮುನ್ನೂರ ನಲವತ್ತೊಂಬತ್ತಕ್ಕೆ ನಾನ್‌ಸ್ಟಿಕ್ ತವಾ,
ಜೊತೆಗೊಂದು ಮರದ ಸೌಟು ಪುಕ್ಕಟೆ.
ನನ್ನ ಹಳೆಯದೂ ಹೀಗೇ ಬಂದಿತ್ತು.
ಮೊದಲ ತಿಂಗಳು ಮುದ್ದು,
ಆರನೆಯ ತಿಂಗಳಿಗೆ ದೋಸೆಯ ಮೈಗೆಲ್ಲ ಕರಿ ಹಕ್ಕಳೆ.
ಸೌಟು ಮಾತ್ರ ಇನ್ನೂ ಇದೆ.

ಕ್ಯೂರಿಂಗ್ ವರ್ಕ್ಸಿನಲ್ಲಿ ದಿನಕ್ಕೆ ಎಂಟು ಗಂಟೆ
ಕಾಫಿಬೀಜ ಆರಿಸುವವಳು ನಾನು.
ಕರಿಬೀಜ, ಮುರುಕು, ಹುಳ ಕೊರೆದದ್ದು,
ನೋಡಲು ಲಕ್ಷಣವಾಗಿದ್ದು ಒಳಗೆ ಹುಳಿತದ್ದು,
ಎಲ್ಲ ಬೆರಳಿಗೆ ಮೊದಲು ತಿಳಿಯುತ್ತದೆ, ಕಣ್ಣಿಗೆ ಆಮೇಲೆ.
ಸ್ಟೀಲಿನ ಬೋಗುಣಿಯ ತಳ ಒತ್ತಿದೆ:
ಟಪಕ್ಕೆಂದು ಒಳಗೆ ಹೋಗಿ ಟಪಕ್ಕೆಂದು ಹೊರಗೆ ಬಂತು,
ಕಪ್ಪೆಯ ಗಂಟಲ ಹಾಗೆ.
ಅಲ್ಯೂಮಿನಿಯಂ ಬಾಣಲೆಯ ಕಿವಿ ಹಿಡಿದು ಅಲುಗಿಸಿದೆ,
ರಿವಿಟ್ಟು ನಡುಗಿತು.
"ಅಕ್ಕಾ, ತಗೊಳ್ಳೋದಿದ್ರೆ ತಗೊಳ್ಳಿ, ನಾಡಿ ನೋಡ್ಬೇಡಿ"
ಅಂದ ಅಂಗಡಿಯ ಹುಡುಗ.
ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ,
ಮುಂದಿನ ಅಂಗಡಿಯಲ್ಲೂ ನಾಡಿ ನೋಡಿದೆ.

ಬೈಪಾಸಿನ ಹತ್ತಿರ ಮೊಯ್ದು ಕಾಕನ ಗುಜರಿ.
ಸೈಕಲ್ಲಿನ ಮೂಳೆ, ನೀರಿನ ಮೀಟರು, ಎಸ್ಟೇಟಿನ ಮುರುಕು ಪಲ್ಪರು,
ಅದರಡಿ ಬೋರಲು ಬಿದ್ದಿತ್ತು ಒಂದು ಬೀಡಿನ ಕಾವಲಿ.
ತುಕ್ಕು ಅಂದರೆ ತುಕ್ಕು.
ಎತ್ತಿದೆ. ಮಣಿಕಟ್ಟು ಹೂಂ ಅಂದಿತು.
ಗೆಣ್ಣಿನಿಂದ ತಟ್ಟಿದೆ. ಬಿರುಕಿದ್ದರೆ ಲೊಟ್ಟೆನ್ನಬೇಕು,
ಇದು ಣಂಯ್ ಎಂದಿತು,
ಅಂದದ್ದನ್ನು ಬಹಳ ಹೊತ್ತು ಹಿಂತೆಗೆದುಕೊಳ್ಳಲಿಲ್ಲ.

ಎರಡು ಕಿಲೋ ಮುನ್ನೂರು ಗ್ರಾಂ,
ಕಿಲೋಗೆ ನೂರಿಪ್ಪತ್ತು, ಇನ್ನೂರ ಎಪ್ಪತ್ತಾರು.
"ತುಕ್ಕಿನ ತೂಕ ಕಳೀರಿ" ಅಂದೆ.
ಕಾಕ ನನ್ನನ್ನು ನೋಡಿದ, ಕಾವಲಿಯನ್ನು ನೋಡಿದ,
ಗಡ್ಡದೊಳಗೆ ಏನೋ ಗುಣಿಸಿದ.
"ಇನ್ನೂರ ನಲವತ್ತು ಕೊಡಿ. ಬಾಕಿಗೆ ಒಂದು ಅಕ್ಕಿ ಒಟ್ಟಿ.
ಮಗಳ ಹೆರಿಗೆಗೆ ಅಂತ ಹೆಂಡತಿ ತಲಶ್ಶೇರಿಗೆ ಹೋಗಿ ಎರಡು ವಾರ,
ಬರೀ ಬನ್ನು ತಿಂತಿದ್ದೀನಿ."

ಕಲ್ಲುಪ್ಪು, ತೆಂಗಿನ ನಾರು, ಹಳೆ ಹುಣಸೆ.
ರಾತ್ರಿ ಹತ್ತರ ತನಕ ಬಚ್ಚಲಲ್ಲಿ ಕೆಂಪು ನೀರು.
ಆಮೇಲೆ ಬೂದು. ಆಮೇಲೆ,
ತೋಳು ಸೋತ ಮೇಲೆ, ಕಪ್ಪು.

ಜೊತೆಗಿರುವ ಬೊಳ್ಳಕ್ಕ ಬಾಟಲಿ ತಂದಿಟ್ಟಳು,
ಭಾನುವಾರದ ಪಂದಿಯಿಂದ ಇಳಿಸಿದ ನೆಣ.
"ಹಚ್ಚು, ಹೊಗೆ ಬರುವ ತನಕ ಕಾಯಿಸು, ಮತ್ತೆ ಹಚ್ಚು.
ಬೀಡು ಪಳಗುವುದು ಇದಕ್ಕೇ."
ಅದು ನನಗೂ ಗೊತ್ತು. ಕಾಸೂ ಬೇಡ.
ಬೆರಳು ಅದ್ದಿದ್ದೆ ಕೂಡ.
ಆದರೆ ಬೀಡಿಗೆ ಮರೆವಿಲ್ಲ,
ಮೊದಲು ಕುಡಿದದ್ದನ್ನು ಕೊನೆಯ ತನಕ ಮೈಯಲ್ಲಿ ಇಟ್ಟುಕೊಳ್ಳುತ್ತದೆ.
ಆ ಮೈಯಿಂದ ಎದ್ದ ಒಟ್ಟಿಯನ್ನು
ಕಾಕನ ಕೈಗೆ ಹೇಗೆ ಕೊಡುವುದು?
ಬೆರಳನ್ನು ಕಾಗದಕ್ಕೆ ಒರೆಸಿಕೊಂಡೆ.

ಬೆಳಿಗ್ಗೆ ಎದುರಂಗಡಿಯಲ್ಲಿ ತೆಂಗಿನೆಣ್ಣೆಯ ಸಣ್ಣ ಪ್ಯಾಕೆಟ್ಟು, ಮೂವತ್ತೈದು.
ಮೂವತ್ತಾರು ಕೊಟ್ಟೆ, ಒಂದು ರೂಪಾಯಿಗೆ ಚಾಕಲೇಟು ತುರುಕಿದ.
"ಕಾಕ ಬಿಟ್ಟದ್ದೆಲ್ಲ ಎಣ್ಣೆಗೇ ಹೋಯಿತಲ್ಲ ದೇಚಿ,
ನಿನಗೇನು ಉಳಿಯಿತು?" ಅಂದಳು ಬೊಳ್ಳಕ್ಕ.
ಚಾಕಲೇಟು ಅವಳಿಗೆ ಕೊಟ್ಟೆ.

ಮೊದಲ ಒಟ್ಟಿ ಕಚ್ಚಿಕೊಂಡು ಹರಿಯಿತು, ನಿಂತೇ ತಿಂದೆ.
ಎರಡನೆಯದು ಒಂದು ಬದಿ ಸೀದಿತು, ಅದು ಬೊಳ್ಳಕ್ಕನ ಪಾಲು.
ಮೂರನೆಯದು ತಾನಾಗಿ ಜಾರಿ, ಉಬ್ಬಿ,
ಒಂದು ಕ್ಷಣ ಚಂಡಿನ ಹಾಗೆ ಕೂತಿತು.
ಬಾಳೆಲೆಯಲ್ಲಿ ಸುತ್ತಿ ಒಯ್ದೆ.

ಕಾಕ ಏನೂ ಕೇಳಲಿಲ್ಲ. ನಾನೇ ಹೇಳಿದೆ,
"ತೆಂಗಿನೆಣ್ಣೆ."
ತಲೆಯಾಡಿಸಿದ.
ಅಭ್ಯಾಸಬಲ, ಪೊಟ್ಟಣವನ್ನು ತಕ್ಕಡಿಗಿಟ್ಟ,
ಮುಳ್ಳು ನಿಲ್ಲುವ ತನಕ ಕಾದ.
"ಸರಿಯಾಗಿದೆ," ಅಂದ, "ತುಕ್ಕು ಕಳೆದು."