ಮೀನಖಂಡ

ಮರದ ಮಿಲ್ಲಿನಲ್ಲಿ ದಿಮ್ಮಿ ಉರುಳಿದ್ದು ಜನವರಿಯಲ್ಲಿ.
ಮೊಣಕಾಲ ಕೆಳಗೆ ಒಂದು ಗೇಣು ಉಳಿಯಿತು.
ಗಾಯ ಮಾಯಿತು, ಗೌಯಾ ನದಿಯ ಮಂಜೂ ಒಡೆಯಿತು.
ಆಮೇಲೆ ಶುರು:
ಹೊದಿಕೆಯ ಅಂಚು ತಾಗಿದರೆ ಸಾಕು,
ಇಂದುಲಿಸ್ ಹಲ್ಲು ಕಚ್ಚಿ ಗೋಡೆಗೆ ಗುದ್ದುತ್ತಿದ್ದ.
ಬೆಕ್ಕನ್ನು ತಂಗಿಯ ಮನೆಗೆ ಬಿಟ್ಟುಬಂದೆ.

ಇಲ್ಲದ ಹೆಬ್ಬೆರಳನ್ನು ಯಾರೋ ತಿರುಚುತ್ತಾರೆ ಅಂದರೆ
ನಾನೇನು ಮಾಡಲಿ?
ಇಲ್ಲದ್ದನ್ನು ನೀವಲೇ?

ರೀಗಾದ ಡಾಕ್ಟರು, ಸ್ಕೈದ್ರೀತೆ ಅಂತ,
ನನ್ನ ಬಸ್ ಟಿಕೇಟಿನ ಹಿಂದೆ ಬೇರೊಂದು ಗೀಚಿದರು.
ಕಡಿದ ನರ ಸಾಯುವುದಿಲ್ಲ,
ಪಾದ ಹುಡುಕುತ್ತ ಬೆಳೆಯುತ್ತದೆ,
ದಾರಿ ಕಾಣದೆ ತನ್ನನ್ನೇ ಸುತ್ತಿಕೊಂಡು
ಗಂಟಾಗುತ್ತದೆ.
"ಕತ್ತರಿಸಿ ಬಿಸಾಕಿ."
"ಮತ್ತೆ ಕಟ್ಟುತ್ತದಮ್ಮ. ಅದಕ್ಕೊಂದು ಕೆಲಸ ಕೊಡಬೇಕು."

ನಾಲ್ಕು ತಾಸು.
ಕಾರಿಡಾರಿನಲ್ಲಿ ಕೂತು ಉಣ್ಣೆಯ ಕಾಲುಚೀಲ ಹೆಣೆದೆ,
ಅದು ಮುಗಿದ ಮೇಲೆ ಅದರ ಜೋಡಿಯನ್ನೂ.
ಒಳಗೆ, ಕಡಲೆಕಾಳಿನಷ್ಟು ಗಂಟು ತೆಗೆದು
ನರದ ಹಸಿ ತುದಿಯನ್ನು
ಸ್ನಾಯುವಿಗೆ ಹೋಗುವ ಇನ್ನೊಂದು ಸಣ್ಣ ನರಕ್ಕೆ
ಕೂದಲಿಗಿಂತ ತೆಳು ದಾರದಲ್ಲಿ ಹೊಲಿದರಂತೆ.

ನೋವು ಒಂದೇ ದಿನಕ್ಕೆ ಹೋಗಲಿಲ್ಲ.
ಪೂರ್ತಿ ಹೋಗಿಯೂ ಇಲ್ಲ, ಸುಳ್ಳು ಯಾಕೆ.
ಅಕ್ಟೋಬರಿನ ಒಂದು ರಾತ್ರಿ ಕರೆದ:
"ವೆಲ್ಗಾ, ಇಲ್ಲಿ ಕೈ ಇಡು.
ಹೆಬ್ಬೆರಳು ಮಡಿಸುತ್ತೇನೆ."
ಹೆದರುತ್ತ ಇಟ್ಟೆ. ಗೋಡೆ ಸುಮ್ಮನಿತ್ತು.
ನನ್ನ ಅಂಗೈಯಡಿ, ಅಳಿದುಳಿದ ಮೀನಖಂಡದಲ್ಲಿ,
ಮೀನೊಂದು ಮಿಸುಕಿತು.
ಮತ್ತೊಮ್ಮೆ ಅಂದೆ. ಮತ್ತೊಮ್ಮೆ.

ತಂಗಿ ಈಗ
ಬೆಕ್ಕನ್ನು ವಾಪಸು ಕೊಡಲೊಲ್ಲೆ ಅನ್ನುತ್ತಾಳೆ.