ಹದಿನಾಲ್ಕು ಚೀಟಿ

ನನ್ನ ಉಣ್ಣೆಯ ಟೋಪಿಯೊಳಗೆ ಹದಿನಾಲ್ಕು ಚೀಟಿ.
ಎಂಟನೇ ತರಗತಿ ಅಂದರೆ ಅಷ್ಟೇ ಜನ.
ಹೊರಗೆ ಮಾರ್ಚ್ ತಿಂಗಳ ಹಿಮ
ಕರಗಲೋ ಬೇಡವೋ ಎಂದು
ಆಲೂಗಡ್ಡೆ ಹೊಲದ ಮೇಲೆ ಕೂತೇ ಇದೆ.
ಮೇನ್ ರಾಜ್ಯದ ಈ ತುದಿಯಲ್ಲಿ
ನದಿ ದಾಟಿದರೆ ಕೆನಡಾ,
ದಾಟದಿದ್ದರೆ ನಾವು.

"ಇವತ್ತು ಪಾಠ ಇಲ್ಲ, ಸಭೆ ಇದೆ," ಅಂದೆ.
"ಒಂದು ಊರು, ಅದಕ್ಕೊಂದು ಶಾಲೆ, ದುಡ್ಡು ಸಾಲದು.
ಮುಚ್ಚಿ ಮೂವತ್ತು ಮೈಲಿಯಾಚೆಯ ದೊಡ್ಡದಕ್ಕೆ ಸೇರಿಸಬೇಕೋ
ಬಿಡಬೇಕೋ, ನೀವೇ ತೀರ್ಮಾನಿಸಿ."
ಊರಿಗೆ ಸುಳ್ಳು ಹೆಸರೊಂದನ್ನು ಇಟ್ಟಿದ್ದೆ.
ಯಾರೂ ನಂಬಲಿಲ್ಲ.

ರೆಮಿ ಪೆಲ್ಟಿಯರ್‌ಗೆ ಬಂದದ್ದು ತೆರಿಗೆ ಕಟ್ಟುವ ಮುದುಕ.
ಬೆನ್ನು ಬಾಗಿಸಿ ಕೂಡಲೇ ಕೆಮ್ಮಿದ,
ಅವನ ತಾತನದೇ ಕೆಮ್ಮು.
ನಗು ನಿಲ್ಲಲು ಎರಡು ನಿಮಿಷ ಬೇಕಾಯಿತು.
ಡೆಲ್ಫೀನ್ ಬಸ್ ಓಡಿಸುವವಳು:
"ಐದೂವರೆಗೆ ಹೊರಡಬೇಕು ನಾನು, ಕತ್ತಲಲ್ಲಿ.
ಗಿರಣಿ ತಿರುವಿನಲ್ಲಿ ಚಕ್ರ ಜಾರಿದರೆ
ನಿಮ್ಮ ಕಾಗದ ಬಂದು ಹಿಡಿಯುತ್ತದೆಯೇ?"
ರೈತನ ಚೀಟಿ ಎತ್ತಿದವನು ಎದ್ದು
"ಅಲ್ಲಿ ಕೊಯ್ಲಿನ ರಜೆ ಇಲ್ಲ" ಎಂದಷ್ಟೇ ಹೇಳಿ ಕೂತ.
ಅದು ಸಾಕಿತ್ತು.

ಪೋರ್ಟ್‌ಲ್ಯಾಂಡಿನಿಂದ ಬಂದ ಹೊಸ ಹುಡುಗ ಟೋಬಿನ್
ಪಾಲಕರ ಪಾತ್ರ ಮರೆತೇಬಿಟ್ಟ:
"ಅಲ್ಲಿ ಬ್ಯಾಂಡಿನಲ್ಲಿ ಒಂಬತ್ತು ಕ್ಲಾರಿನೆಟ್.
ನಾನು ತಪ್ಪಿದರೆ ನನಗೇ ಕೇಳಿಸುತ್ತಿರಲಿಲ್ಲ.
ಇಲ್ಲಿ ನಾನೊಬ್ಬನೇ.
ತಪ್ಪಿದರೆ ಅಡುಗೆಮನೆಯವರೂ ತಿರುಗಿ ನೋಡುತ್ತಾರೆ."
ಅದು ಒಳ್ಳೆಯದೋ ಕೆಟ್ಟದೋ, ಹೇಳಲಿಲ್ಲ.

ಸೂಪರಿಂಟೆಂಡೆಂಟ್ ಆದವಳು ನೊಯೆಲಾ ಸಿರ್.
ಈ ಶಾಲೆಯ ಅಡುಗೆಮನೆಯಲ್ಲಿ
ಅವಳ ಅಮ್ಮ ಈಗ ಸೂಪು ಕದಡುತ್ತಿದ್ದಾಳೆ,
ವಾಸನೆ ಬರುತ್ತಿದೆ.
"ಚೀಟಿ ಬದಲಿಸಿಕೊಳ್ಳುತ್ತೀಯಾ?"
"ಬೇಡ ಮಿಸ್."

ಬೋರ್ಡಿನ ಮೇಲೆ ಬರೆದಳು:
ನಾನೂರು ಮಕ್ಕಳಿಗೆಂದು ಕಟ್ಟಿದ್ದು, ಇರುವವರು ನೂರಾ ಹನ್ನೆರಡು.
ಸೋರುವ ಮಾಡಿಗೆ ಇಷ್ಟು, ಬಾಯ್ಲರಿಗೆ ಇಷ್ಟು,
ಭೌತಶಾಸ್ತ್ರಕ್ಕೆ ಮೇಷ್ಟರಿಲ್ಲದೆ ಎರಡು ವರ್ಷ.
ಸೀಮೆಸುಣ್ಣ ಮುರಿಯಿತು. ತುಂಡಿನಲ್ಲೇ ಮುಂದುವರಿಸಿದಳು.
"ದೊಡ್ಡ ಶಾಲೆಯಲ್ಲಿ ನಿಜವಾದ ಲ್ಯಾಬ್ ಇದೆ,
ಗ್ಯಾಸ್ ನಲ್ಲಿ ಇದೆ, ಗಾಜಿನ ಕಪಾಟು ಇದೆ. ಅದು ನನಗೆ ಬೇಕು."
ತಡೆದಳು. ಕಿವಿ ಕೆಂಪಾಯಿತು.
"ಮಕ್ಕಳಿಗೆ ಬೇಕು," ಅಂದಳು.

ಆಮೇಲೆ ಯಾರೂ ಕೆಮ್ಮಲಿಲ್ಲ.

ಮತದ ಹೊತ್ತಿಗೆ ರೆಮಿ ಕೇಳಿದ:
"ಯಾರ ಕೈ ಎತ್ತಬೇಕು ಮಿಸ್,
ಮುದುಕಂದೋ ನಂದೋ?"
ಇಪ್ಪತ್ತೊಂದು ವರ್ಷ ಪಾಠ ಹೇಳಿದ್ದೇನೆ,
ಇಂಥ ಪ್ರಶ್ನೆ ಯಾವ ಪುಸ್ತಕದ ಕೊನೆಯಲ್ಲೂ ಇರಲಿಲ್ಲ.
"ಮುದುಕನದು," ಅಂದೆ. ಆಟದ ನಿಯಮ.
ಅವನು ತನ್ನದೇ ಕೈಯನ್ನು
ಯಾರದೋ ಕೋಟಿನಂತೆ ಮೆಲ್ಲನೆ ಎತ್ತಿದ.

ಮುಚ್ಚಲು ಎಂಟು, ಉಳಿಸಲು ಆರು.

ಚಪ್ಪಾಳೆ ಬೀಳಲಿಲ್ಲ.
"ಇದು ಆಟ ತಾನೆ?" ಡೆಲ್ಫೀನ್ ಕೇಳಿದಳು.
ತಾನೆ ಎಂದೆ.
ಜೂನ್ ಎರಡನೇ ಮಂಗಳವಾರ
ಕೆಳಗಿನ ಜಿಮ್‌ನಲ್ಲಿ, ಬಾಸ್ಕೆಟ್‌ಬಾಲ್ ಬಳೆಯಡಿ
ಮಡಚುವ ಕುರ್ಚಿ ಹಾಕಿಕೊಂಡು
ಇವರ ಅಪ್ಪಂದಿರು, ಅಮ್ಮಂದಿರು, ಆ ಕೆಮ್ಮುವ ತಾತ
ಕೈ ಎತ್ತುತ್ತಾರೆ.
ನನಗೆ ಮತವಿಲ್ಲ.
ನನ್ನ ಮನೆ ಸೇತುವೆಯ ಆಚೆ ಬದಿ,
ಬೇರೆ ಊರಿನ ಪಟ್ಟಿಯಲ್ಲಿ.

ಊಟದ ಗಂಟೆ.
ಸಾಲಿನಲ್ಲಿ ನೊಯೆಲಾ ತಟ್ಟೆ ಒಡ್ಡಿದಳು.
"ಏನೋ ನಾಟಕವಂತೆ? ನೀನು ಏನಾಗಿದ್ದೆ?"
"ಸೂಪರಿಂಟೆಂಡೆಂಟ್."
"ಓಹೋ! ಗೆದ್ದೆಯಾ?"
ತಲೆಯಾಡಿಸಿದಳು.
ಅಮ್ಮ ಹಿಗ್ಗಿ ಒಂದು ಬನ್ನು ಹೆಚ್ಚು ಇಟ್ಟಳು.

ನೊಯೆಲಾ ನಡೆದು ಬಂದು
ಆ ಬನ್ನನ್ನು ರೆಮಿಯ ತಟ್ಟೆಗೆ ಹಾಕಿದಳು.
ಅವನು ಬೇಡ ಎಂದು ಅವಳ ತಟ್ಟೆಗೆ.
ಅದು ಹಾಗೇ ಮೂರು ಸಲ ಮೇಜು ದಾಟಿತು.
ಕೊನೆಗೆ ಮಧ್ಯದಲ್ಲಿಟ್ಟು
ಇಬ್ಬರೂ ಸೂಪು ಕುಡಿದರು.